ನಾಲ್ಕನೆಯ ನಂಬರಿನ ಅಂಗಿ



ನಮ್ಮ ಶಾಲೆಯಲ್ಲಿ ಹಿಂದೆ ಡ್ರಿಲ್ ಮಾಸ್ತರರಾಗಿದ್ದ ಹಿರಿಯರೊಬ್ಬರು ನಿವೃತ್ತರಾದ ಕೆಲವು ವರ್ಷಗಳ ಮೇಲೆ ಕಾಯಿಲೆ ಬಿದ್ದರು. ವಾಸಿಯಾಗುವ ಕಾಯಿಲೆಯಲ್ಲವೆಂದು ಎಲ್ಲರಿಗೂ ತಿಳಿದಿತ್ತು. ಓಣಂ ರಜೆಯಲ್ಲಿ ಹೋಗಿ ನೋಡಿ ಬರೋಣವೆಂದು ನಾವು ಅಧ್ಯಾಪಕರು ಮಾತಾಡಿಕೊಂಡೆವು. ರಜೆ ಬಂತು, ಜೊತೆಗೆ ಉತ್ತರಪತ್ರಿಕೆಗಳ ಕಟ್ಟೂ ಬಂತು. ಕ್ರಿಸ್‌ಮಸ್ ರಜೆಗಾಗಲಿ ಎಂದುಕೊಂಡೆವು. ಅದರ ನಡುವೆಯೇ ಒಂದು ಬೆಳಗ್ಗೆ ಅಸೆಂಬ್ಲಿಯಲ್ಲಿ ಅವರಿಗಾಗಿ ಎರಡು ನಿಮಿಷ ಮೌನವಾಗಿ ನಿಂತೆವು. ಸಂತಾಪ ಸಭೆಯಲ್ಲಿ ನಾವು ಆರು ಮಂದಿ ಮಾತಾಡಿದೆವು. ಮಾತುಗಳೇನೋ ಚೆನ್ನಾಗಿಯೇ ಇದ್ದವು. ಸಭೆ ಮುಗಿದ ಮೇಲೆ ಅವರ ಪತ್ನಿ, "ಇದೆಲ್ಲ ಅವರಿಗೆ ಕೇಳಿಸಿದ್ದರೆ ಎಷ್ಟು ಸಂತೋಷಪಡುತ್ತಿದ್ದರೋ, ಮಾಷ್ಟ್ರೆ" ಎಂದರು. ನಾವು ತಲೆ ತಗ್ಗಿಸಿದೆವು.

ಅಂದಿನಿಂದ ನಮ್ಮ ಮನಸ್ಸಿನಲ್ಲಿ ಮತ್ತೆ ಮತ್ತೆ ಸುಳಿಯುತ್ತಿರುವ ಒಂದು ಪ್ರಸಂಗವನ್ನು ಈ ಸಂಚಿಕೆಗೆ ಬರೆಯುತ್ತಿದ್ದೇವೆ. ಇದು ನಡೆದದ್ದು ಬಹುದೂರದ ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ, 1939ನೆಯ ಇಸವಿ ಜುಲೈ 4ರಂದು. ಅದರ ನಾಯಕ ಲೂ ಗೆರಿಗ್ ಎಂಬ ಬೇಸ್‌ಬಾಲ್ ಆಟಗಾರ.

ಬೇಸ್‌ಬಾಲ್ ಆಟವನ್ನು ನಿಮ್ಮಲ್ಲಿ ಹೆಚ್ಚಿನವರು ನೋಡಿರಲಾರಿರಿ. ಅದು ಕ್ರಿಕೆಟಿನ ದೂರದ ದಾಯಾದಿ. ಒಂದೊಂದು ಪಕ್ಷಕ್ಕೆ ಒಂಬತ್ತು ಮಂದಿ. ಮೈದಾನದಲ್ಲಿ ಚೌಕಾಕಾರವಾಗಿ ನಾಲ್ಕು ನೆಲೆಗಳು, ಒಂದರಿಂದ ಇನ್ನೊಂದಕ್ಕೆ 90 ಅಡಿ ದೂರ. ಚೆಂಡನ್ನು ನೆಲಕ್ಕೆ ಪುಟಿಸದೆ ನೇರವಾಗಿ ಎಸೆಯುತ್ತಾರೆ. ಬ್ಯಾಟಿನವನು ಅದನ್ನು ಹೊಡೆದು, ನೆಲೆಯಿಂದ ನೆಲೆಗೆ ಓಡಿ ಹೊರಟಲ್ಲಿಗೇ ಬಂದರೆ ಒಂದು ರನ್ನು. ಚೆಂಡು ನೇರವಾಗಿ ಬೇಲಿ ದಾಟಿ ಹೋದರೆ ಅದು 'ಹೋಮ್ ರನ್'. ಇಷ್ಟು ತಿಳಿದರೆ ಈ ಲೇಖನಕ್ಕೆ ಸಾಕು. ಇನ್ನೊಂದು ಮಾತು ಮಾತ್ರ ನೆನಪಿರಲಿ: ಆ ಕಾಲದಲ್ಲಿ ಒಂದು ತಂಡ ವರ್ಷಕ್ಕೆ 154 ಪಂದ್ಯಗಳನ್ನು ಆಡುತ್ತಿತ್ತು. ಹೆಚ್ಚುಕಡಿಮೆ ದಿನಕ್ಕೊಂದು ಪಂದ್ಯ, ಆರು ತಿಂಗಳ ಕಾಲ.

ಗೆರಿಗ್ ಹುಟ್ಟಿದ್ದು 1903ರ ಜೂನ್ 19ರಂದು, ನ್ಯೂಯಾರ್ಕಿನಲ್ಲಿಯೇ. ತಂದೆತಾಯಿ ಜರ್ಮನಿಯಿಂದ ಬಂದ ಬಡವರು. ಹುಟ್ಟಿದ ನಾಲ್ಕು ಮಕ್ಕಳಲ್ಲಿ ಉಳಿದವನು ಇವನೊಬ್ಬನೆ. ಚಿಕ್ಕಂದಿನಲ್ಲಿ ಮನೆಮಾತು ಜರ್ಮನ್, ಬೀದಿಯ ಮಾತು ಇಂಗ್ಲಿಷ್. ಮನೆಯಲ್ಲಿ ತುಳು, ಬಸ್ಸಿನಲ್ಲಿ ಮಲಯಾಳ, ತರಗತಿಯಲ್ಲಿ ಕನ್ನಡ ಎಂದು ಬೆಳೆಯುವ ನಮ್ಮ ಊರಿನ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಂದೆಗೆ ಆರೋಗ್ಯ ಸರಿಯಿಲ್ಲದೆ ತಾಯಿ ಕ್ರಿಸ್ಟಿನಾ ಅಡುಗೆ, ಕಸಮುಸುರೆಯ ಕೆಲಸ ಮಾಡಿ ಸಂಸಾರ ನಡೆಸಿದಳು. ಮಗ ಇಂಜಿನಿಯರ್ ಆಗಬೇಕೆಂಬುದು ಅವಳ ಹಟ. (ಹೆತ್ತವರು ಇಲ್ಲಿ ನಗಬಾರದಾಗಿ ವಿನಂತಿ.) ಮಗ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದೂ ನಿಜ. ಆದರೆ 1923ರಲ್ಲಿ ನ್ಯೂಯಾರ್ಕ್ ಯಾಂಕೀಸ್ ಎಂಬ ತಂಡ ಕರೆಯಿತು, ಓದು ಅಲ್ಲಿಗೆ ನಿಂತಿತು.

1925ರ ಜೂನ್ 1ರಿಂದ 1939ರ ಏಪ್ರಿಲ್ 30ರವರೆಗೆ ಆತ ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ. ಒಟ್ಟು 2,130 ಪಂದ್ಯಗಳು. ಜ್ವರವಿರಲಿ, ಬೆನ್ನುನೋವಿರಲಿ, ಮೈದಾನಕ್ಕೆ ಬಂದನೆಂದರೆ ಬಂದ. ಕೈಗಳ ಎಕ್ಸ್-ರೇ ತೆಗೆದಾಗ, ಮುರಿದು ತಾನಾಗಿಯೇ ಕೂಡಿಕೊಂಡ ಮೂಳೆಗಳು ಹಲವು ಕಂಡುಬಂದವಂತೆ. ಈ ದಾಖಲೆಯನ್ನು 1995ರಲ್ಲಿ ಕ್ಯಾಲ್ ರಿಪ್ಕೆನ್ ಎಂಬ ಆಟಗಾರ ಮೀರಿಸುವ ತನಕ ಅದು ಹಾಗೆಯೇ ಇತ್ತು. ಹೋಮ್ ರನ್‌ಗಳು 493. ಆದರೂ ಆತನ ಕಾಲದಲ್ಲಿ ಜನರ ಬಾಯಲ್ಲಿ ಮೊದಲು ಬರುತ್ತಿದ್ದ ಹೆಸರು ಅದೇ ತಂಡದ ಬೇಬ್ ರೂತ್‌ನದು. ರೂತ್ ಮಾತುಗಾರ, ವಿನೋದಪ್ರಿಯ, ಹೋದಲ್ಲೆಲ್ಲ ಗದ್ದಲ. ಗೆರಿಗ್ ನಾಚಿಕೆಯ ಸ್ವಭಾವದವನು. 1929ರಲ್ಲಿ ಆ ತಂಡದವರು ಬ್ಯಾಟು ಹಿಡಿಯುವ ಸರದಿಯಂತೆ ಅಂಗಿಗೆ ನಂಬರು ಹಚ್ಚಿದಾಗ ರೂತ್‌ಗೆ 3, ಗೆರಿಗ್‌ಗೆ 4 ಬಂತು.

1938ರಲ್ಲಿ ಆಟ ಸ್ವಲ್ಪ ಇಳಿಮುಖವಾಯಿತು. ಮರುವರ್ಷ ಓಡುವಾಗ ಕಾಲು ಎಳೆಯತೊಡಗಿತು, ಹೊಡೆದ ಚೆಂಡು ದೂರ ಹೋಗಲಿಲ್ಲ. ಏಪ್ರಿಲ್ 30ರ ಪಂದ್ಯದಲ್ಲಿ ಒಂದು ಸಾಧಾರಣ ಚೆಂಡನ್ನು ಹಿಡಿದು ಎದುರಾಳಿಯನ್ನು ಹೇಗೋ ಔಟ್ ಮಾಡಿದಾಗ ಜೊತೆಯವರು, ಭೇಷ್, ಚೆನ್ನಾಗಿ ಆಡಿದೆ ಎಂದು ಬೆನ್ನು ತಟ್ಟುವಂತೆ ನುಡಿದರು. ಅವರ ಮನಸ್ಸು ಒಳ್ಳೆಯದೇ. ಆದರೆ ಇಷ್ಟು ಸುಲಭದ ಕೆಲಸಕ್ಕೆ ತನ್ನನ್ನು ಹೊಗಳುವ ಕಾಲ ಬಂತಲ್ಲ ಎಂದು ಆತನಿಗೆ ಅರ್ಥವಾಯಿತು. ಹೊಗಳಿಕೆ ಹೀಗೂ ನೋಯಿಸಬಲ್ಲದು.

ಮೇ 2ರಂದು ಡೆಟ್ರಾಯಿಟ್ ಊರಿನಲ್ಲಿ ಪಂದ್ಯ. ಮ್ಯಾನೇಜರ್ ಜೋ ಮೆಕಾರ್ಥಿ ತಾನಾಗಿ ಗೆರಿಗ್‌ನನ್ನು ಕೂರಿಸುವವನಲ್ಲ. ಗೆರಿಗ್‌ನೇ ಹೋಗಿ, ತಂಡದ ಹಿತಕ್ಕಾಗಿ ಇವತ್ತು ನನ್ನನ್ನು ಬಿಡಿ ಎಂದು ಕೇಳಿಕೊಂಡ. ನಾಯಕನಾದ್ದರಿಂದ ಆಟಗಾರರ ಪಟ್ಟಿಯನ್ನು ಅಂಪೈರಿಗೆ ಒಪ್ಪಿಸುವ ಕೆಲಸ ಆತನದೇ. ತನ್ನ ಹೆಸರಿಲ್ಲದ ಪಟ್ಟಿಯನ್ನು ಹಿಡಿದು ನಡೆದ. ಧ್ವನಿವರ್ಧಕದಲ್ಲಿ ಸುದ್ದಿ ಹೇಳಿದಾಗ ಅಲ್ಲಿ ಸೇರಿದ್ದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವರು ಎದುರು ತಂಡದ ಅಭಿಮಾನಿಗಳೆಂಬುದನ್ನು ನೀವು ಗಮನಿಸಬೇಕು. ನಮ್ಮ ವಲಯ ಮಟ್ಟದ ಕಬಡ್ಡಿ ಪಂದ್ಯಗಳಲ್ಲಿ ನಾವು ಕೂಗುವ ಕೂಗನ್ನು ನೆನೆದುಕೊಂಡರೆ ಸಾಕು, ಇದರ ಬೆಲೆ ತಿಳಿಯುತ್ತದೆ.

ಜೂನ್ ತಿಂಗಳಲ್ಲಿ ಮಿನೆಸೋಟ ರಾಜ್ಯದ ಪ್ರಸಿದ್ಧ ಮೇಯೋ ಕ್ಲಿನಿಕ್‌ನ ವೈದ್ಯರು ಪರೀಕ್ಷಿಸಿ ಕಾಯಿಲೆ ಯಾವುದೆಂದು ಹೇಳಿದರು. ಅಂದು ಆತನ 36ನೆಯ ಹುಟ್ಟುಹಬ್ಬ. ಕಾಯಿಲೆಯ ಹೆಸರು ಉದ್ದ, ಚಿಕ್ಕದಾಗಿ ಎ.ಎಲ್.ಎಸ್. ಎನ್ನುತ್ತಾರೆ. ನಮ್ಮ ಸ್ನಾಯುಗಳಿಗೆ ಅಪ್ಪಣೆ ಒಯ್ಯುವ ನರಕೋಶಗಳು ಮೆದುಳಿನಲ್ಲೂ ಬೆನ್ನುಹುರಿಯಲ್ಲೂ ಇವೆಯಷ್ಟೆ. ಅವು ಒಂದೊಂದಾಗಿ ಸಾಯುತ್ತ ಹೋಗುತ್ತವೆ. ಕೈಕಾಲು ಸೋಲುತ್ತವೆ, ಮಾತು, ನುಂಗುವುದು, ಕೊನೆಗೆ ಉಸಿರಾಟ. ಬಹುತೇಕ ರೋಗಿಗಳ ಬುದ್ಧಿ ಮಾತ್ರ ಕೊನೆಯವರೆಗೂ ಎಚ್ಚರವಾಗಿರುತ್ತದೆ. ವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರನ್ನು ಗಾಲಿಕುರ್ಚಿಗೆ ಕಟ್ಟಿಹಾಕಿದ್ದು ಇದೇ ಕಾಯಿಲೆ. ಅವರಲ್ಲಿ ಅದು ಅಪರೂಪವಾಗಿ ನಿಧಾನವಾಗಿತ್ತು. ಇಂದಿಗೂ ಇದನ್ನು ಪೂರ್ತಿ ಗುಣಪಡಿಸುವ ಔಷಧವಿಲ್ಲ. ಅಮೆರಿಕದಲ್ಲಿ ಜನ ಇದನ್ನು ಲೂ ಗೆರಿಗ್ ಕಾಯಿಲೆ ಎಂದೇ ಕರೆಯುತ್ತಾರೆ. ಜೂನ್ 21ರಂದು ಆತನ ನಿವೃತ್ತಿ ಪ್ರಕಟವಾಯಿತು.

ಇನ್ನು ಜುಲೈ 4. ಅದು ಅಮೆರಿಕದ ಸ್ವಾತಂತ್ರ್ಯ ದಿನ. ಯಾಂಕೀ ಕ್ರೀಡಾಂಗಣದಲ್ಲಿ ವಾಷಿಂಗ್ಟನ್ ತಂಡದ ಮೇಲೆ ಒಂದರ ಹಿಂದೊಂದು ಎರಡು ಪಂದ್ಯ. ನಡುವಿನ ಬಿಡುವಿನಲ್ಲಿ ಗೆರಿಗ್‌ಗೆ ಸನ್ಮಾನ. ಸೇರಿದ ಜನ 61,808. 1927ರ ಹಳೆಯ ತಂಡದವರು ಬಂದಿದ್ದರು. ನಗರದ ಮೇಯರ್ ಲಾ ಗಾರ್ಡಿಯಾ ಬಂದು ಮಾತಾಡಿದ. ಕಾಣಿಕೆಗಳು ಒಂದರ ಮೇಲೊಂದು ಬಂದವು. ತಂಡದವರು ಬೆಳ್ಳಿಯ ದೊಡ್ಡ ಪಾರಿತೋಷಕ ಕೊಟ್ಟರು, ಅದರ ಮೇಲೆ ಪತ್ರಕರ್ತ ಜಾನ್ ಕೀರನ್ ಬರೆದ ಪದ್ಯ ಕೆತ್ತಿಸಿದ್ದರು. ಅದೇ ನಗರದ ಪ್ರತಿಸ್ಪರ್ಧಿ ತಂಡವಾದ ಜೈಂಟ್ಸ್ ಕೂಡ ಉಡುಗೊರೆ ಕಳಿಸಿತು. ನಮಗೆ ಹೆಚ್ಚು ಹಿಡಿಸಿದ್ದು ಬೇರೆ ಎರಡು. ಮೈದಾನಕ್ಕೆ ನೀರು ಹಾಕಿ ಹುಲ್ಲು ಕತ್ತರಿಸುವ ಕೆಲಸಗಾರರು ಒಂದು ಕಾಣಿಕೆ ಕೊಟ್ಟರು. ಬಿಳಿ ಕೋಟು ತೊಟ್ಟು ಪ್ರೇಕ್ಷಕರಿಗೆ ತಿಂಡಿ ಮಾರುವವರು ಇನ್ನೊಂದು ಕೊಟ್ಟರು. ಒಬ್ಬ ಮನುಷ್ಯ ಹದಿನಾಲ್ಕು ವರ್ಷ ಹೇಗೆ ನಡೆದುಕೊಂಡ ಎಂಬುದಕ್ಕೆ ಇವರ ಸಾಕ್ಷಿಯೇ ದೊಡ್ಡದು.

ಗೆರಿಗ್ ಒಂದೊಂದನ್ನೂ ತೆಗೆದುಕೊಂಡು ಕೂಡಲೆ ನೆಲದ ಮೇಲೆ ಇಡುತ್ತಿದ್ದ. ಹಿಡಿದು ನಿಲ್ಲುವಷ್ಟು ತ್ರಾಣ ಆ ತೋಳುಗಳಲ್ಲಿ ಉಳಿದಿರಲಿಲ್ಲ. ಆತನ ಜಾಗಕ್ಕೆ ಬಂದಿದ್ದ ಡಾಲ್‌ಗ್ರೆನ್‌ಗೆ ಮೆಕಾರ್ಥಿ ಮೆಲ್ಲನೆ, ಅವನು ಬಿದ್ದರೆ ಹಿಡಿದುಕೋ ಎಂದು ಹೇಳಿಟ್ಟಿದ್ದನಂತೆ.

ಮಾತಾಡುವ ಸರದಿ ಬಂದಾಗ ಗೆರಿಗ್ ತಲೆಯಲ್ಲಾಡಿಸಿದ. ಗಂಟಲು ಕಟ್ಟಿತ್ತು. ಆತ ಮಾತಾಡಲಾರನೆಂದು ನಿರ್ವಾಹಕರು ಮೈಕಿನಲ್ಲಿ ಹೇಳಿದರು. ಜನ ಬಿಡಲಿಲ್ಲ, ಲೂ ಬೇಕು, ಲೂ ಬೇಕು ಎಂದು ಒಂದೇ ಸಮನೆ ಕೂಗಿದರು. ಮೆಕಾರ್ಥಿ ಕಿವಿಯಲ್ಲಿ ಏನೋ ಹೇಳಿದ. ಗೆರಿಗ್ ಮೈಕಿನ ಮುಂದೆ ಬಂದ. ಕೈಯಲ್ಲಿ ಚೀಟಿಯಿಲ್ಲ. ತನಗೆ ಕೆಟ್ಟ ಗಳಿಗೆ ಬಂದಿರುವುದನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು, ಆದರೂ ಈ ಲೋಕದಲ್ಲಿ ತನ್ನಷ್ಟು ಅದೃಷ್ಟವಂತ ಬೇರೊಬ್ಬನಿಲ್ಲವೆಂದೇ ತಾನು ತಿಳಿದಿರುವುದಾಗಿ ಹೇಳಿದ. ಮುಂದಿನ ಮಾತೆಲ್ಲ ಬೇರೆಯವರ ಬಗ್ಗೆ. ಜೊತೆಗಾರರು, ಮೈದಾನದ ಕೆಲಸಗಾರರು, ಬಿಳಿ ಕೋಟಿನ ಹುಡುಗರು. ಮಗಳ ಜೊತೆ ಜಗಳವಾದಾಗ ಅಳಿಯನ ಪಕ್ಷ ವಹಿಸುವ ಅತ್ತೆಯನ್ನೂ ಬಿಡಲಿಲ್ಲ. ಮಗನ ಓದಿಗಾಗಿ ಜೀವಮಾನವೆಲ್ಲ ದುಡಿದ ತಂದೆತಾಯಿಯನ್ನು, ಹೆಂಡತಿಯ ಧೈರ್ಯವನ್ನು ನೆನೆದ. ಎರಡು ಮೂರು ನಿಮಿಷದಲ್ಲಿ ಮುಗಿಸಿದ. ಭಾಷಣ ಸ್ಪರ್ಧೆಗೆ ಹೆಸರು ಕೊಡುವವರು ಈ ಅಳತೆಯನ್ನು ಗುರುತು ಹಾಕಿಕೊಳ್ಳಬೇಕು.

ಆಗ ಬೇಬ್ ರೂತ್ ಬಂದು ಆತನ ಕೊರಳನ್ನು ತಬ್ಬಿಕೊಂಡ. ಹೆಂಗಸರ ನಡುವಿನ ಯಾವುದೋ ಮಾತಿನಿಂದ ಮನಸ್ತಾಪ ಹುಟ್ಟಿ ಇಬ್ಬರೂ ವರ್ಷಗಟ್ಟಲೆ ಮಾತು ಬಿಟ್ಟಿದ್ದರು. ರೂತ್ 1935ರಲ್ಲಿಯೇ ಆಟ ಬಿಟ್ಟಿದ್ದವನು. ಇನ್ನೆರಡು ವರ್ಷ ತಡೆದಿದ್ದರೆ ಆ ಅಪ್ಪುಗೆಗೆ ಕೊರಳಿರುತ್ತಿರಲಿಲ್ಲ.

ಆ ದಿನವೇ ನಾಲ್ಕನೆಯ ನಂಬರಿನ ಅಂಗಿಯನ್ನು ಇನ್ನು ಯಾರಿಗೂ ಕೊಡುವುದಿಲ್ಲವೆಂದು ತಂಡದವರು ಸಾರಿದರು. ಅಮೆರಿಕದ ಪ್ರಮುಖ ಬೇಸ್‌ಬಾಲ್ ಪಂಗಡಗಳಲ್ಲಿ ಒಬ್ಬ ಆಟಗಾರನಿಗಾಗಿ ಹೀಗೆ ನಂಬರನ್ನು ಮೀಸಲಿಟ್ಟದ್ದು ಅದೇ ಮೊದಲು. ಡಿಸೆಂಬರಿನಲ್ಲಿ, ಕಾಯುವ ನಿಯಮವನ್ನು ಸಡಿಲಿಸಿ, ಬೇಸ್‌ಬಾಲ್‌ನ ಕೀರ್ತಿಮಂದಿರಕ್ಕೂ ಆರಿಸಿದರು. ಸೆರೆಮನೆಯಿಂದ ಅವಧಿಗೆ ಮುಂಚೆ ಬಿಡುಗಡೆ ಬೇಡುವವರ ಅರ್ಜಿ ನೋಡುವ ಮಂಡಳಿಗೆ ಮೇಯರ್ ಆತನನ್ನು ನೇಮಿಸಿದ. 1940ರ ಜನವರಿಯಿಂದ ಗೆರಿಗ್ ಸದ್ದಿಲ್ಲದೆ ಕಚೇರಿಗೆ ಹೋಗುತ್ತಿದ್ದ. ಬೆರಳು ಸೋತ ಮೇಲೆ ಹೆಂಡತಿ ಎಲಿನರ್ ಕೈಹಿಡಿದು ರುಜು ಹಾಕಿಸುತ್ತಿದ್ದಳು. 1941ರ ಜೂನ್ 2ರಂದು ತೀರಿಕೊಂಡಾಗ ಮೂವತ್ತೆಂಟು ತುಂಬಿರಲಿಲ್ಲ. 2021ರಿಂದ ಪ್ರತಿವರ್ಷ ಅದೇ ದಿನ ಆ ದೇಶದ ಬೇಸ್‌ಬಾಲ್ ಮೈದಾನಗಳಲ್ಲಿ ಗೆರಿಗ್ ದಿನ ಆಚರಿಸುತ್ತಾರೆ, ಎ.ಎಲ್.ಎಸ್. ಸಂಶೋಧನೆಗೆ ಹಣ ಕೂಡಿಸುತ್ತಾರೆ.

ರೂತ್‌ನ ಸರದಿಯೂ ಬಂತು. ಗಂಟಲಿನ ಮೇಲ್ಭಾಗದ ಕ್ಯಾನ್ಸರ್. 1947ರ ಏಪ್ರಿಲ್ 27ರಂದು ಅದೇ ಕ್ರೀಡಾಂಗಣದಲ್ಲಿ 58,000ಕ್ಕೂ ಮಿಕ್ಕಿದ ಜನ ಆತನ ಒಡೆದ ದನಿಯನ್ನು ಕೇಳಿದರು. ಮರುವರ್ಷ ಜೂನ್ 13ರಂದು ಆತ ಕೊನೆಯ ಬಾರಿ ಹಳೆಯ ಅಂಗಿ ತೊಟ್ಟು ಬಂದ. ಅಂಗಿ ಸಡಿಲವಾಗಿತ್ತು. ಬ್ಯಾಟೊಂದನ್ನು ಊರುಗೋಲಿನಂತೆ ಊರಿ ನಿಂತ. ಛಾಯಾಗ್ರಾಹಕರೆಲ್ಲ ಮುಖದ ಕಡೆ ನೆರೆದಿದ್ದಾಗ ನ್ಯಾಟ್ ಫೈನ್ ಎಂಬಾತ ಹಿಂದಕ್ಕೆ ಹೋಗಿ ಚಿತ್ರ ತೆಗೆದ. ಅದರಲ್ಲಿ ಬಾಗಿದ ಬೆನ್ನು, ಕೈಯಲ್ಲಿ ಟೋಪಿ, ಎದುರಿಗೆ ತುಂಬಿದ ಜನಸ್ತೋಮ, ಬೆನ್ನಿನ ಮೇಲೆ 3. ಮುಖವಿಲ್ಲದ ಆ ಚಿತ್ರಕ್ಕೆ 1949ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ರೂತ್ 1948ರ ಆಗಸ್ಟ್ 16ರಂದೇ ತೀರಿಕೊಂಡಿದ್ದ. ಎರಡು ತಿಂಗಳ ಹಿಂದಿನ ಆ ಚಪ್ಪಾಳೆ ಮಾತ್ರ ಆತನ ಕಿವಿಗೆ ಬಿದ್ದಿತ್ತು.

ಆ ಹಳೆಯ ಕ್ರೀಡಾಂಗಣ ಈಗಿಲ್ಲ. 2008ರಲ್ಲಿ ಅದನ್ನು ಮುಚ್ಚಿ, ಆಮೇಲೆ ಕೆಡವಿದರು. ಹೊಸದು ರಸ್ತೆಯ ಆಚೆಬದಿ ಇದೆ. ಯಾಂಕೀಸ್ ತಂಡದಲ್ಲಿ 3 ಮತ್ತು 4ನೆಯ ನಂಬರಿನ ಅಂಗಿಗಳನ್ನು ಇಂದಿಗೂ ಯಾರೂ ತೊಡುವುದಿಲ್ಲ.