ಹತ್ತನೆಯ ತಿರುವಿನ ಬ್ರೇಕು

ತೀರ್ಥಹಳ್ಳಿಯಲ್ಲಿ ನಾನು ಆ್ಯಕ್ಟಿಂಗ್ ಡ್ರೈವರ್. ನನ್ನದೆಂಬ ಗಾಡಿ ಇಲ್ಲ. ಕಾರಿದ್ದವರ ಮನೆಯಿಂದ ಫೋನ್ ಬಂದರೆ ಹೋಗಿ ಅವರ ಕಾರನ್ನೇ ಓಡಿಸುತ್ತೇನೆ. ಹೆಚ್ಚಿನ ಓಟ ಆಗುಂಬೆ ಘಾಟಿ ಇಳಿದು ಮಣಿಪಾಲದ ಆಸ್ಪತ್ರೆಗೆ, ಇಲ್ಲವೇ ಉಡುಪಿ ಕಡೆಯ ಮದುವೆಗೆ, ಮಂಗಳೂರಿನ ವಿಮಾನ ನಿಲ್ದಾಣಕ್ಕೆ. ಇವತ್ತು ಹಳೆಯ ಮಾರುತಿ 800, ನಾಳೆ ಇನ್ನೋವಾ, ನಾಡಿದ್ದು ಬ್ಯಾಟರಿ ಕಾರು. ಸ್ಟೇರಿಂಗ್, ಗೇರು, ಕ್ಲಚ್ಚು ಯಾವ ಕಾರಿನದಾದರೂ ಊರು ದಾಟುವುದರೊಳಗೆ ಕೈಕಾಲಿಗೆ ಒಗ್ಗುತ್ತವೆ. ಬ್ರೇಕು ಅಷ್ಟು ಬೇಗ ತನ್ನ ಗುಣ ಬಿಟ್ಟುಕೊಡುವುದಿಲ್ಲ. ಅಂಗಳದಲ್ಲಿ ಅದು ಒಂದು ತರಹ, ಹೆದ್ದಾರಿಯಲ್ಲಿ ಒಂದು ತರಹ, ಘಾಟಿಯ ಅರ್ಧಕ್ಕೆ ಬಂದಾಗ ಮತ್ತೊಂದು ತರಹ.

ಕೀಲಿ ಕೈಗೆ ಬಂದ ಮೇಲೆ ಎಂಜಿನ್ ಶುರು ಮಾಡುವ ಮೊದಲು ಬ್ರೇಕ್ ಪೆಡಲನ್ನು ನಾಲ್ಕೈದು ಸಲ ತುಳಿಯುತ್ತೇನೆ. ಕಾಲಿನ ಒತ್ತಿಗೆ ಬಲ ಸೇರಿಸುವ ಬೂಸ್ಟರಿನಲ್ಲಿ ಉಳಿದಿದ್ದ ನಿರ್ವಾತ ಖಾಲಿಯಾಗಿ ಪೆಡಲ್ ಗಟ್ಟಿಯಾಗುತ್ತದೆ. ಕಾಲನ್ನು ಹಾಗೇ ಒತ್ತಿ ಹಿಡಿದು ಕೀಲಿ ತಿರುಗಿಸಿದರೆ ಪೆಡಲ್ ಒಂದಿಷ್ಟು ಕೆಳಗೆ ಜಾರಿ ನಿಲ್ಲಬೇಕು. ನಿಂತರೆ ಬೂಸ್ಟರ್ ಸರಿ ಇದೆ ಎಂದರ್ಥ. ನಿಲ್ಲದೆ ನಿಧಾನಕ್ಕೆ ಇಳಿಯುತ್ತಲೇ ಹೋದರೆ ಮಾಸ್ಟರ್ ಸಿಲಿಂಡರ್ ಒಳಗೆ ಸವೆದಿದೆ ಅಥವಾ ಎಲ್ಲೋ ಆಯಿಲ್ ಸೋರುತ್ತಿದೆ. ಅಂಥ ಕಾರನ್ನು ಯಾರದೇ ಆಗಿರಲಿ, ನಾನು ಗೇಟು ದಾಟಿಸುವುದಿಲ್ಲ.

ಈ ಬೂಸ್ಟರ್ ಬೇಕಾಗಿದ್ದೇ ಡಿಸ್ಕ್ ಬ್ರೇಕಿನ ಸ್ವಭಾವದಿಂದ. ಡ್ರಮ್ಮಿನೊಳಗೆ ಲೈನರ್ ಅಂಟಿಸಿದ ಎರಡು ಶೂಗಳು ಹೊರಕ್ಕೆ ಅಗಲಿ ಡ್ರಮ್ಮಿಗೆ ಒತ್ತುತ್ತವೆ. ಆಗ ತಿರುಗುವ ಡ್ರಮ್ಮೇ ಮುಂದಿನ ಶೂವನ್ನು ತನ್ನತ್ತ ಸೆಳೆದುಕೊಂಡು ಒತ್ತಡ ಹೆಚ್ಚಿಸುತ್ತದೆ. ಕಾಲು ಕೊಟ್ಟಿದ್ದಕ್ಕಿಂತ ಹೆಚ್ಚು ಬ್ರೇಕು ಸಿಗುತ್ತದೆ. ನಾಲ್ಕೂ ಚಕ್ರಕ್ಕೆ ಡ್ರಮ್ ಇದ್ದ ಹಳೆಯ ಅಂಬಾಸಿಡರನ್ನು ಬೂಸ್ಟರ್ ಇಲ್ಲದೆಯೂ ನಿಲ್ಲಿಸಬಹುದಾಗಿದ್ದು ಹಾಗೆ. ಡಿಸ್ಕಿನಲ್ಲಿ ಆ ಸಹಾಯ ಇಲ್ಲ. ತಿರುಗುವ ಎರಕದ ಕಬ್ಬಿಣದ ತಟ್ಟೆಯನ್ನು ಎರಡೂ ಬದಿಯಿಂದ ಪ್ಯಾಡುಗಳು ಹಿಂಡುತ್ತವೆ, ಅಷ್ಟೇ. ಕಾಲು ಎಷ್ಟು ಕೊಟ್ಟಿತೋ ಅಷ್ಟು. ಇದು ಕೊರತೆಯಂತೆ ಕೇಳಿಸಿದರೂ ಡಿಸ್ಕಿನ ದೊಡ್ಡ ಗುಣ ಇದೇ. ಇಮ್ಮಡಿ ಒತ್ತಿದರೆ ಇಮ್ಮಡಿ ಹಿಡಿತ, ಲೆಕ್ಕ ತಪ್ಪುವುದಿಲ್ಲ. ಡ್ರಮ್ಮಿನಲ್ಲಿ ಕೊನೆಯ ಸ್ವಲ್ಪ ಒತ್ತು ಎಷ್ಟು ಹಿಡಿಯುತ್ತದೆ ಎಂದು ಮೊದಲೇ ಹೇಳಲಾಗದು, ಮಳೆಯಲ್ಲಂತೂ ಎಡಕ್ಕೊಮ್ಮೆ ಬಲಕ್ಕೊಮ್ಮೆ ಎಳೆಯುತ್ತದೆ.

ಮಾರುತಿ 800ರಲ್ಲಿ ಮುಂದೆ ಡಿಸ್ಕ್, ಹಿಂದೆ ಡ್ರಮ್. ನಮ್ಮ ಕಡೆ ಇನ್ನೂ ಓಡುತ್ತಿರುವ ಹಳೆಯವುಗಳಲ್ಲಿ ಬೂಸ್ಟರ್ ಇಲ್ಲ. ಹೊಸ ಕಾರು ಓಡಿಸಿ ಬಂದವರು ಅದರ ಪೆಡಲ್ ತುಳಿದು “ಬ್ರೇಕೇ ಇಲ್ಲ ಮಾರಾಯ” ಎನ್ನುತ್ತಾರೆ. ಇದೆ, ತೊಡೆಯ ಬಲ ಹಾಕಿ ಕೇಳಬೇಕು. ಆರುನೂರೈವತ್ತು ಕಿಲೋ ಆಸುಪಾಸಿನ ಕಾರದು. ಹಿಡಿಯಬೇಕಾದ ಭಾರ ಕಡಿಮೆ, ಹುಟ್ಟುವ ಬಿಸಿಯೂ ಕಡಿಮೆ. ಪ್ಯಾಡ್ ಡಿಸ್ಕನ್ನು ಮುಟ್ಟಿದ್ದು, ಡಿಸ್ಕಿನ ಮೇಲಿನ ನೀರು ಒರೆಸಿಹೋದದ್ದು, ಟೈರು ಜಾರುವ ಹಂತಕ್ಕೆ ಬಂದದ್ದು ಎಲ್ಲವೂ ಪಾದಕ್ಕೆ ನೇರವಾಗಿ ತಿಳಿಯುತ್ತದೆ. ಡಿಸ್ಕ್ ಬ್ರೇಕು ಏನೆಂದು ನನಗೆ ಕಲಿಸಿದ್ದು ಆ ಕಾರೇ. ಹೊಸದಾಗಿ ಕಲಿಯುವ ಹುಡುಗರನ್ನು ಮೊದಲು ಅದರಲ್ಲಿ ಕೂರಿಸಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಸ್ಕೋಡಾ ಲಾರಾದಲ್ಲಿ ನಾಲ್ಕೂ ಡಿಸ್ಕ್. ಅದನ್ನು ಮೊದಲ ಸಲ ಹಿಡಿದವರು ಹಂಪ್ ಕಂಡಾಗ ಅಭ್ಯಾಸಬಲದಿಂದ ತುಳಿದರೆ ಹಿಂದೆ ಕೂತ ಅಜ್ಜಿಯ ಹಣೆ ಮುಂದಿನ ಸೀಟಿಗೆ ತಾಗುತ್ತದೆ. ಪೆಡಲಿನ ಮೇಲ್ಭಾಗದಲ್ಲೇ ಹಿಡಿತ ಇದೆ, ಬೆರಳ ತುದಿಯಲ್ಲಿ ಒತ್ತಿದರೆ ಸಾಕು. ಇನ್ನೋವಾದ ಪೆಡಲ್ ಇದಕ್ಕೆ ತಿರುಗುಮುರುಗು: ಒಂದಿಷ್ಟು ದೂರ ಇಳಿದ ಮೇಲೆ ಹಿಡಿತ ಶುರು, ಆಮೇಲೆ ಒತ್ತಿದ ಹಾಗೆಲ್ಲ ಸಮನಾಗಿ ಏರುತ್ತದೆ. ಇಬ್ಬರೇ ಇದ್ದಾಗ ಮತ್ತು ಎಂಟು ಜನ, ಮೇಲೆ ಲಗೇಜು ಇದ್ದಾಗ ಅದೇ ಪೆಡಲಿನ ಅದೇ ಒತ್ತಿಗೆ ಸಿಗುವ ಉತ್ತರ ಬೇರೆ. ಆದ್ದರಿಂದ ಜನ ತುಂಬಿದ ಮೇಲೆ ಘಾಟಿಯ ತುದಿಗೆ ಬರುವ ಮೊದಲೇ, ಹಿಂದೆ ಗಾಡಿ ಇಲ್ಲದ ನೇರ ದಾರಿಯಲ್ಲಿ, ಒಮ್ಮೆ ಗಟ್ಟಿಯಾಗಿ ಬ್ರೇಕು ಹಾಕಿ ನೋಡುತ್ತೇನೆ. ಕೂತವರಿಗೆ ಮೊದಲೇ ಹೇಳಿ ಹಾಕುತ್ತೇನೆ.

ಲಾರಾದ ಬ್ರೇಕು ಶಾರ್ಪು, ಇನ್ನೋವಾದ್ದು ಡಲ್ಲು ಎಂದು ಎಷ್ಟೋ ಜನ ತೀರ್ಪು ಕೊಡುತ್ತಾರೆ. ಮೊದಲ ಸ್ಪರ್ಶಕ್ಕೆ ಎಷ್ಟು ಕಚ್ಚುತ್ತದೆ ಎಂಬುದು ಬೂಸ್ಟರ್, ಪೆಡಲಿನ ಸನ್ನೆ, ಪ್ಯಾಡಿನ ಸಾಮಗ್ರಿ ಇವುಗಳನ್ನು ಕಂಪನಿ ಹೇಗೆ ಹೊಂದಿಸಿದೆ ಎಂಬುದರ ಮೇಲೆ ನಿಂತಿದೆ. ಅದು ಬ್ರೇಕಿನ ಬಲ ಅಲ್ಲ. ಸರಿಯಿರುವ ಬ್ರೇಕು ಯಾವುದಾದರೂ, ಡ್ರಮ್ಮೇ ಆಗಲಿ, ಚಕ್ರವನ್ನು ಲಾಕ್ ಮಾಡಬಲ್ಲದು. ಅಲ್ಲಿಂದಾಚೆ ಕಾರು ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂದು ತೀರ್ಮಾನಿಸುವುದು ಟೈರು ಮತ್ತು ರಸ್ತೆ. ಸವೆದ ಟೈರು ಹಾಕಿಕೊಂಡು ನಾಲ್ಕು ಡಿಸ್ಕಿನ ಮಾತಾಡುವವರಿಗೆ ಇದನ್ನು ಎಷ್ಟು ಹೇಳಿದರೂ ಕಡಿಮೆಯೇ.

ಹಾಗಾದರೆ ಡಿಸ್ಕಿನಿಂದ ಸಿಗುವುದೇನು? ಮತ್ತೆ ಮತ್ತೆ ಹಾಕಿದರೂ ಬದಲಾಗದ ಬ್ರೇಕು. ಬರ್ಮಿಂಗ್‌ಹ್ಯಾಮಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದಿದ್ದರು. ಆದರೆ ಜಗತ್ತು ಅದನ್ನು ಗಂಭೀರವಾಗಿ ತೆಗೆದುಕೊಂಡಿದ್ದು 1953ರಲ್ಲಿ, ಫ್ರಾನ್ಸಿನ ಲೆ ಮಾನ್‌ನ 24 ಗಂಟೆಗಳ ರೇಸನ್ನು ಡನ್‌ಲಪ್ ಡಿಸ್ಕ್ ಬ್ರೇಕಿನ ಜಾಗ್ವಾರ್ ಸಿ-ಟೈಪ್ ಗೆದ್ದಾಗ. ಉದ್ದದ ನೇರ ದಾರಿಯಲ್ಲಿ ಪೂರ್ತಿ ವೇಗ, ತುದಿಯಲ್ಲಿ ಕಡಿದಾದ ತಿರುವು, ಇಡೀ ಹಗಲು ರಾತ್ರಿ ಅದೇ. ಡ್ರಮ್ಮಿನವರು ಬ್ರೇಕು ಕಾಯುತ್ತದೆಂದು ಬೇಗನೇ ಕಾಲಿಡಬೇಕಾಗಿತ್ತು, ಜಾಗ್ವಾರಿನವರು ತಡವಾಗಿ ತುಳಿದರೂ ನಡೆಯುತ್ತಿತ್ತು. ಆಗುಂಬೆಯ ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲೂ ವಿಷಯ ಅದೇ. ಮೊದಲ ತಿರುವಿನಲ್ಲಿ ಎಲ್ಲ ಕಾರಿಗೂ ಬ್ರೇಕಿರುತ್ತದೆ; ಹತ್ತನೆಯದರಲ್ಲಿ ಇದೆಯೋ ಇಲ್ಲವೋ ನೋಡಬೇಕು.

ಬ್ರೇಕಿನ ಕೆಲಸವೆಂದರೆ ಓಟವನ್ನು ಬಿಸಿಯಾಗಿ ಬದಲಿಸುವುದು. ವೇಗ 40ರಿಂದ 80ಕ್ಕೆ ಏರಿದರೆ ನಿಲ್ಲಿಸುವಾಗಿನ ಬಿಸಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಘಾಟಿಯಲ್ಲಿ ವೇಗ ಕಡಿಮೆಯಿದ್ದರೂ ಎತ್ತರದ ಲೆಕ್ಕ ಬೇರೆ ಇದೆ. ಜನ, ಸಾಮಾನು ಸೇರಿ 2,000 ಕಿಲೋ ತೂಗುವ ಕಾರು 500 ಮೀಟರ್ ಎತ್ತರ ಇಳಿದರೆ, ಅದನ್ನು ಬ್ರೇಕಿನಿಂದಲೇ ತಡೆಯುವುದಾದರೆ, ಹುಟ್ಟುವ ಬಿಸಿಯಲ್ಲಿ ಸುಮಾರು 30 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಹುದು. ಅಷ್ಟೂ ಬಿಸಿ ಹೋಗಬೇಕಾದದ್ದು ಅಂಗೈ ಅಗಲದ ಪ್ಯಾಡುಗಳ ನಡುವಿನ ಕಬ್ಬಿಣಕ್ಕೆ. ಡಿಸ್ಕು ಗಾಳಿಗೆ ತೆರೆದಿರುವುದರಿಂದ, ಅದರಲ್ಲೂ ಮುಂದಿನ ಡಿಸ್ಕಿನ ನಡುವೆ ಗಾಳಿಯಾಡುವ ಸಂದುಗಳಿದ್ದರೆ, ಬಿಸಿ ಬೇಗ ಬಿಡುತ್ತದೆ. ಡ್ರಮ್ಮಿನಲ್ಲಿ ಬಿಸಿ ಒಳಗೇ ಉಳಿಯುತ್ತದೆ. ಡ್ರಮ್ ಹಿಗ್ಗಿ ಲೈನರಿನಿಂದ ದೂರ ಸರಿಯುವುದರಿಂದ ಪೆಡಲ್ ಕೆಳಗಿಳಿಯುತ್ತ ಹೋಗುತ್ತದೆ.

ಡಿಸ್ಕಿದ್ದರೆ ಘಾಟಿಯಲ್ಲಿ ಹೆದರಬೇಕಿಲ್ಲ ಎಂದು ಇದರ ಅರ್ಥವಲ್ಲ. ಒಮ್ಮೆ ಒಬ್ಬ ಸಾಹುಕಾರರ ಜೊತೆ ಮಣಿಪಾಲಕ್ಕೆ ಹೊರಟಿದ್ದೆ. ಹೋಗುವಾಗ ಅವರೇ ಓಡಿಸುವುದು, ರಾತ್ರಿ ವಾಪಸು ನಾನು ಎಂದು ಮಾತಾಗಿತ್ತು. ಏಳು ಸೀಟಿನ ಗಾಡಿ, ಸೀಟು ತುಂಬ ಜನ. ಆಗುಂಬೆಯ ಸೂರ್ಯಾಸ್ತ ನೋಡುವ ಜಾಗ ದಾಟಿದ್ದೇ ಅವರು ನಾಲ್ಕನೇ ಗೇರಿನಲ್ಲಿ, ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿಸತೊಡಗಿದರು. “ಸಾರ್, ಸೆಕೆಂಡಿಗೆ ಹಾಕಿ” ಎಂದೆ. “ಡಿಸ್ಕ್ ಬ್ರೇಕ್ ಅಲ್ವೇನೋ, ಏನಾಗುತ್ತೆ?” ಎಂದರು. ಅರ್ಧ ಘಾಟಿಯಲ್ಲಿ ಸುಟ್ಟ ವಾಸನೆ ಬಂತು. ಅವರು ಹೇಳಿದ್ದು ನನಗೆ ಈಗಲೂ ನೆನಪಿದೆ: “ಪೆಡಲ್ ಗಟ್ಟಿ ಇದೆ, ಗಾಡಿ ನಿಲ್ತಿಲ್ಲ.” ಮುಂದಿನ ತಿರುವಿಗೆ ಅದೇ ಪೆಡಲ್ ಸ್ಪಂಜಿನ ಹಾಗೆ ಮೆತ್ತಗಾಗಿ ಒಳಗೆ ಹೋಯಿತು. “ಸೆಕೆಂಡ್, ಸಾರ್, ಸೆಕೆಂಡ್! ಪೆಡಲ್ ಪಂಪ್ ಮಾಡಿ!” ಎಂದು ಕೂಗಿದೆ. ಗೇರು ಬಿತ್ತು, ಎಂಜಿನ್ ಗಾಡಿಯನ್ನು ಎಳೆದು ಹಿಡಿಯಿತು, ತಿರುವಿನಾಚೆ ಒಂದಿಷ್ಟು ಅಗಲ ಸಿಕ್ಕಿದಲ್ಲಿ ಗುಡ್ಡದ ಬದಿಗೆ ನಿಲ್ಲಿಸಿದೆವು. ಚಕ್ರಕ್ಕೆ ಕಲ್ಲು ಕೊಟ್ಟು ಎಲ್ಲರನ್ನೂ ಇಳಿಸಿದೆ. ಯಾರೋ ಡಿಸ್ಕಿನ ಮೇಲೆ ನೀರು ಹಾಕಲು ಬಾಟಲಿ ತೆಗೆದರು, ತಡೆದೆ. ಕಾದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಸೊಟ್ಟಗಾಗಬಹುದು, ಸೀಳಲೂಬಹುದು. ತಾನಾಗಿ ಆರಿದ ಮೇಲೆ ಪೆಡಲ್ ಮರಳಿ ಮೇಲೆ ಬಂತು. ಉಳಿದ ದಾರಿಯನ್ನು ನಾನು ಎರಡನೇ ಗೇರಿನಲ್ಲಿ ಇಳಿಸಿದೆ.

ಅಲ್ಲಿ ಆಗಿದ್ದು ಎರಡು ಬೇರೆ ಬೇರೆ ಸಂಗತಿ. ಪೆಡಲ್ ಗಟ್ಟಿಯಿದ್ದೂ ಗಾಡಿ ನಿಲ್ಲದಿದ್ದರೆ ಪ್ಯಾಡು ಅತಿಯಾಗಿ ಕಾದು ಹಿಡಿತ ಕಳೆದುಕೊಂಡಿದೆ. ಪೆಡಲ್ ಮೆತ್ತಗಾಗಿ ಕೆಳಗೆ ಹೋದರೆ ಪ್ಯಾಡುಗಳನ್ನು ಒತ್ತುವ ಕ್ಯಾಲಿಪರಿನೊಳಗಿನ ಬ್ರೇಕ್ ಆಯಿಲ್ ಕುದಿದು ಗುಳ್ಳೆಯಾಗಿದೆ. ಕಾಲಿನ ಒತ್ತು ಗುಳ್ಳೆಯನ್ನು ಕುಗ್ಗಿಸುವುದರಲ್ಲೇ ಮುಗಿಯುತ್ತದೆ, ಪ್ಯಾಡಿಗೆ ತಲುಪುವುದಿಲ್ಲ. ಮೊದಲನೆಯದು ಮುನ್ಸೂಚನೆ ಕೊಟ್ಟು ಬರುತ್ತದೆ. ಎರಡನೆಯದು ಒಂದು ತಿರುವಿಗೂ ಮುಂದಿನದಕ್ಕೂ ನಡುವೆ ಬರುತ್ತದೆ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4 ಆದರೆ 230 ಮತ್ತು 155. ಮಳೆ ಎಂದರೆ ಹೆಸರೇ ಆಗುಂಬೆ, ಕೆಳಗಿಳಿದರೆ ಕರಾವಳಿಯ ಸೆಕೆ. ನಮ್ಮ ಕಡೆಯ ಕಾರಿನ ಆಯಿಲ್ ತೇವ ಹೀರದೆ ಉಳಿಯಲು ಸಾಧ್ಯವಿಲ್ಲ. ಸಾಹುಕಾರರ ಕಾರಿನ ಆಯಿಲ್ ಆಮೇಲೆ ತೆಗೆಸಿದಾಗ ಕಡು ಕಂದು ಬಣ್ಣಕ್ಕೆ ತಿರುಗಿತ್ತು.

ಮಳೆಗಾಲದಲ್ಲಿ ಡಿಸ್ಕಿಗೆ ಇನ್ನೊಂದು ಸ್ವಭಾವ. ಜೋರು ಮಳೆಯಲ್ಲಿ ಬಹಳ ಹೊತ್ತು ಬ್ರೇಕು ಮುಟ್ಟದೆ ಓಡಿಸಿ ಒಮ್ಮೆಲೇ ತುಳಿದರೆ ಕಣ್ಣು ಮಿಟುಕಿಸುವಷ್ಟು ಹೊತ್ತು ಏನೂ ಆಗುವುದಿಲ್ಲ. ಪ್ಯಾಡು ನೀರಿನ ಪದರ ಒರೆಸಿದ ಮೇಲೆ ಹಿಡಿತ ಬರುತ್ತದೆ. ಅದಕ್ಕೇ ನಾನು ಮಳೆಯಲ್ಲಿ ಆಗಾಗ ಪೆಡಲನ್ನು ಮೆತ್ತಗೆ ಸವರಿ ಡಿಸ್ಕ್ ಒಣಗಿಸಿಕೊಳ್ಳುತ್ತೇನೆ. ತುಂಬಿದ ಹಳ್ಳ ದಾಟಿದ ಮೇಲೆ ಡ್ರಮ್ಮಾದರೆ ಎಷ್ಟೋ ಹೊತ್ತು ಬ್ರೇಕು ಬರುವುದಿಲ್ಲ, ಡಿಸ್ಕು ಬೇಗ ಚೇತರಿಸಿಕೊಳ್ಳುತ್ತದೆ. ರಾತ್ರಿ ಉಡುಪಿಯಲ್ಲಿ ಬಯಲಲ್ಲಿ ನಿಂತ ಕಾರಿನ ಡಿಸ್ಕಿಗೆ ಬೆಳಿಗ್ಗೆ ಕೆಂಪು ತುಕ್ಕು ಹತ್ತಿರುತ್ತದೆ, ಮೊದಲ ಬ್ರೇಕಿಗೆ ಕರಕರ ಎನ್ನುತ್ತದೆ. ಗಾಬರಿ ಬೇಡ, ನಾಲ್ಕು ಸಲ ಹಿಡಿದರೆ ಹೋಗುತ್ತದೆ.

2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕಡ್ಡಾಯವಾಗಿದ್ದು ಬಹಳ ಒಳ್ಳೆಯದಾಯಿತು. ಆದರೆ ಅದು ಕೆಲಸ ಮಾಡುವಾಗ ಪೆಡಲ್ ಗಡಗಡ ನಡುಗಿ ಕಾಲನ್ನು ಹಿಂದಕ್ಕೆ ತಳ್ಳುತ್ತದೆ. ಏನೋ ಮುರಿಯಿತೆಂದು ಕಾಲು ತೆಗೆದುಬಿಡುವವರನ್ನು ಕಂಡಿದ್ದೇನೆ. ತೆಗೆಯಬಾರದು. ಒತ್ತಿ ಹಿಡಿದು ಸ್ಟೇರಿಂಗ್ ತಿರುಗಿಸಬೇಕು. ಎಬಿಎಸ್ ಇರುವುದೇ ತಿರುಗಿಸಲು ಆಗಲಿ ಎಂದು. ಕೊಳೆತ ಎಲೆ ಬಿದ್ದ ಮಲೆನಾಡಿನ ರಸ್ತೆಯಲ್ಲಿ ಇದು ಜೀವದ ಪ್ರಶ್ನೆ.

ಈಚೆಗೆ ಬ್ಯಾಟರಿ ಕಾರುಗಳು ಬಂದು ಪಾದದ ಲೆಕ್ಕವನ್ನೇ ಬದಲಿಸಿವೆ. ನೆಕ್ಸಾನ್ ಇವಿಯ ಈಗಿನ ಮಾದರಿಯಲ್ಲಿ ಸ್ಟೇರಿಂಗ್ ಹಿಂದಿನ ಪ್ಯಾಡಲುಗಳಿಂದ ಮೋಟಾರಿನ ಹಿಡಿತವನ್ನು ಹೆಚ್ಚು ಕಡಿಮೆ ಮಾಡಬಹುದು. ಗರಿಷ್ಠಕ್ಕಿಟ್ಟರೆ ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಕಾರು ತಾನೇ ನಿಧಾನವಾಗುತ್ತದೆ, ಆಗುಂಬೆಯನ್ನು ಹೆಚ್ಚುಕಮ್ಮಿ ಡಿಸ್ಕ್ ಮುಟ್ಟದೆ ಇಳಿಯಬಹುದು. ಬಿಸಿಯಾಗಿ ಹೋಗಬೇಕಾದದ್ದು ಬ್ಯಾಟರಿಗೆ ಚಾರ್ಜಾಗಿ ಸೇರುತ್ತದೆ. ನನಗೆ ಇದು ತುಂಬ ಇಷ್ಟವಾದ ವಿಷಯ. ಒಂದು ಎಚ್ಚರಿಕೆ ಮಾತ್ರ ಬೇಕು: ಘಾಟಿಯ ಮೇಲಿನ ಊರಿನಲ್ಲಿ ಪೂರ್ತಿ ಚಾರ್ಜ್ ಮಾಡಿ ಹೊರಟರೆ ಬ್ಯಾಟರಿಯಲ್ಲಿ ಜಾಗವಿಲ್ಲದೆ ಮೋಟಾರಿನ ಹಿಡಿತ ಕಡಿಮೆಯಾಗುತ್ತದೆ, ಎಲ್ಲ ಭಾರ ಡಿಸ್ಕಿನ ಮೇಲೆ ಬೀಳುತ್ತದೆ. ನಾನು ಇಳಿಯುವ ಮೊದಲು ಪೂರ್ತಿ ತುಂಬಿಸುವುದಿಲ್ಲ. ಮೋಟಾರೇ ಹೆಚ್ಚು ಕೆಲಸ ಮಾಡುವುದರಿಂದ ಡಿಸ್ಕು ಬಳಕೆಯಿಲ್ಲದೆ ತುಕ್ಕು ಹಿಡಿಯುತ್ತದೆ ಎಂದು ಫೋಕ್ಸ್‌ವ್ಯಾಗನ್ ತನ್ನ ಐಡಿ.4 ಬ್ಯಾಟರಿ ಕಾರಿನ ಹಿಂದಿನ ಚಕ್ರಕ್ಕೆ ಮರಳಿ ಡ್ರಮ್ ಹಾಕಿದೆ. “ಹಿಂದೆ ಡ್ರಮ್ಮಾ, ಹಾಗಾದರೆ ಬೇಡ” ಎಂದು ಷೋರೂಮಿನಿಂದ ಎದ್ದು ಬರುವವರು ಇದನ್ನು ಯೋಚಿಸಬೇಕು. ಬ್ರೇಕು ಹಾಕಿದಾಗ ಭಾರ ಮುಂದಕ್ಕೆ ಬೀಳುವುದರಿಂದ ಹೆಚ್ಚಿನ ಕೆಲಸ ಮುಂದಿನ ಡಿಸ್ಕಿನದೇ. ಹಗುರ ಕಾರಿಗೆ ಹಿಂದಿನ ಡ್ರಮ್ ಧಾರಾಳ ಸಾಕು. ಎಕ್ಸ್‌ಯುವಿ 500ರಂಥ ಭಾರದ, ವೇಗದ ಗಾಡಿಗೆ ನಾಲ್ಕೂ ಡಿಸ್ಕ್ ಇರುವುದು ನ್ಯಾಯ.

ಘಾಟಿ ಇಳಿಯುವವರಲ್ಲಿ ನನ್ನದೊಂದು ಕೋರಿಕೆ. ಹತ್ತುವಾಗ ಯಾವ ಗೇರು ಬೇಕಾಗುತ್ತಿತ್ತೋ ಇಳಿಯುವಾಗಲೂ ಅದರಲ್ಲೇ ಇರಿ, ಆಟೋಮ್ಯಾಟಿಕ್ ಆದರೆ ಮ್ಯಾನುವಲ್ ಮೋಡಿಗೆ ಹಾಕಿ ಕೆಳಗಿನ ಗೇರು ಹಿಡಿಯಿರಿ. ಬ್ರೇಕನ್ನು ತಿರುವಿನ ಮೊದಲು ಗಟ್ಟಿಯಾಗಿ ಹಾಕಿ ಪೂರ್ತಿ ಬಿಡಿ, ಎಳೆಯುತ್ತ ಇಳಿಯಬೇಡಿ. ಆಯಿಲ್ ಬದಲಾಯಿಸಿ ಎರಡು ವರ್ಷ ದಾಟಿದ್ದರೆ ಗ್ಯಾರೇಜಿನಲ್ಲಿ “ಲೆವೆಲ್ ಸರಿ ಇದೆ” ಎಂದಿದ್ದನ್ನು ಒಪ್ಪಿ ಬರಬೇಡಿ. ಹಳೆಯದನ್ನು ಪೂರ್ತಿ ತೆಗೆಸಿ, ನಾಲ್ಕೂ ಚಕ್ರದ ಏರ್ ತೆಗೆಸಿ, ಹೊಸ ಆಯಿಲಿನ ಸೀಲನ್ನು ನಿಮ್ಮೆದುರಿಗೇ ಒಡೆಸಿ. ತೆರೆದಿಟ್ಟ ಡಬ್ಬಿಯ ಆಯಿಲ್ ನಿಮ್ಮ ಕಾರಿಗೆ ಬರುವ ಮೊದಲೇ ತೇವ ಹೀರಿರುತ್ತದೆ.