ನಮ್ಮೂರ ಚಿಕ್ಕ ಶಾಲೆ ಮತ್ತು ಕಲಿಕೆಯ ಏಣಿ

ಊರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ ಎಂದರೆ ನಮ್ಮಲ್ಲಿ ಅನೇಕರಿಗೆ ಒಂದು ಬಗೆಯ ಅಸಡ್ಡೆ. ಎರಡು ಕೋಣೆ, ಇಬ್ಬರು ಟೀಚರು, ಇಪ್ಪತ್ತೋ ಇಪ್ಪತ್ತೈದೋ ಮಕ್ಕಳು. "ಒಂದು, ಎರಡು, ಮೂರನೇ ಕ್ಲಾಸು ಎಲ್ಲಾ ಒಂದೇ ರೂಮಲ್ಲಿ ಕೂರುಸ್ತಾರೆ. ಬರೀ ಹಾಡು, ಆಟ, ಕಾರ್ಡು. ಅಲ್ಲೇನು ಕಲೀತಾವೆ?" ಎಂಬ ಮಾತು ಸ್ವಸಹಾಯ ಸಂಘಗಳ ಸಭೆಯಲ್ಲಿ ಆಗಾಗ ಕೇಳಿಬರುತ್ತದೆ. ಮಕ್ಕಳ ಬಗ್ಗೆ ಚಿಂತೆ ಇರುವ ತಂದೆ-ತಾಯಿ ಕೇಳಲೇಬೇಕಾದ ಪ್ರಶ್ನೆ ಅದು. ಆದರೆ ಉತ್ತರ ತಿಳಿದುಕೊಳ್ಳದೆ ಮಗುವನ್ನು ಪೇಟೆಯ ವ್ಯಾನ್ ಹತ್ತಿಸಿ, ಫೀಸಿಗೂ ವ್ಯಾನ್ ಬಾಡಿಗೆಗೂ ಸಂಘದಿಂದಲೇ ಸಾಲ ತೆಗೆಯುವ ಮನೆಗಳಿವೆ. ಹೀಗೆ ಒಂದೊಂದೇ ಮಗು ಹೋದರೆ ಊರಿನ ಶಾಲೆ ಬಡವಾಗುತ್ತದೆ. ಕೊನೆಗೆ ಅಲ್ಲಿ ಉಳಿಯುವುದು ಎಲ್ಲಿಗೂ ಹೋಗಲಾಗದವರ ಮಕ್ಕಳು. ಆದ್ದರಿಂದ ಆ ಕೋಣೆಯೊಳಗೆ ನಿಜವಾಗಿ ಏನು ನಡೆಯುತ್ತದೆ ಎಂದು ಈ ಪಾಠದಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ಕಾರ್ಡು, ಹಾಡು, ಆಟದ ಈ ಪದ್ಧತಿಗೆ 'ನಲಿ-ಕಲಿ' ಎಂದು ಹೆಸರು. ಇದು ಹುಟ್ಟಿದ್ದು ನಮ್ಮ ರಾಜ್ಯದ ಹಳ್ಳಿಗಾಡಿನಲ್ಲೇ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಯುನಿಸೆಫ್ ನೆರವಿನಿಂದ ಇದು ಪ್ರಾರಂಭವಾಯಿತು. ಕಾಡಂಚಿನ ತಾಲ್ಲೂಕು, ಜೇನುಕುರುಬರ ಹಾಡಿಗಳಿರುವ ಜಾಗ. ಅಲ್ಲಿನ ಶಾಲಾ ಶಿಕ್ಷಕರು ಆಂಧ್ರಪ್ರದೇಶದ ರಿಷಿವ್ಯಾಲಿಗೆ ಹೋಗಿ, ಸುತ್ತಲಿನ ಹಳ್ಳಿಗಳಲ್ಲಿ ಪದ್ಮನಾಭ ರಾವ್ ಮತ್ತು ರಮಾ ಎಂಬ ದಂಪತಿ ಕಟ್ಟಿದ್ದ ಏಕೋಪಾಧ್ಯಾಯ ಶಾಲೆಗಳನ್ನು ನೋಡಿಬಂದರು. ಬಂದವರು ಅಲ್ಲಿಯದನ್ನೇ ನಕಲು ಮಾಡಲಿಲ್ಲ. ಕನ್ನಡಕ್ಕೆ ತಕ್ಕ ಹಾಗೆ, ತಮ್ಮ ಮಕ್ಕಳಿಗೆ ತಕ್ಕ ಹಾಗೆ ಕಾರ್ಡುಗಳನ್ನು ತಾವೇ ಕೂತು ಬರೆದರು. ಮೇಲಿನಿಂದ ಆದೇಶ ಬಂದು ಕೆಳಗೆ ಇಳಿದ ಯೋಜನೆಗಳನ್ನು ನಾವು ಬಹಳ ಕಂಡಿದ್ದೇವೆ. ಇದು ಮೇಷ್ಟ್ರುಗಳ ಕೈಯಲ್ಲಿ ಬೆಳೆದು ಮೇಲೆ ಹೋದದ್ದು. 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ 1 ಮತ್ತು 2ನೇ ತರಗತಿಗೆ, ಆಮೇಲೆ 3ನೇ ತರಗತಿಗೂ ಇದನ್ನು ವಿಸ್ತರಿಸಲಾಯಿತು.

ಈಗ ಕೋಣೆಯೊಳಗೆ ಬನ್ನಿ. ಗೋಡೆಯ ಮೇಲೆ ಒಂದು ದೊಡ್ಡ ಪಟ ಇರುತ್ತದೆ. ಅದೇ ಕಲಿಕಾ ಏಣಿ. ಇಡೀ ವರ್ಷದ ಪಾಠವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು ಅದರಲ್ಲಿ ಬರೆದಿರುತ್ತಾರೆ. ಕೆಲವು ಮೆಟ್ಟಿಲು ಸೇರಿದರೆ ಒಂದು ಮೈಲಿಗಲ್ಲು. ಪ್ರತಿ ಮೆಟ್ಟಿಲಿಗೂ ಒಂದು ಚಿತ್ರದ ಗುರುತು, ಪ್ರಾಣಿಯೋ ಪಕ್ಷಿಯೋ. ಅದೇ ಗುರುತಿನ ಕಾರ್ಡು ಕಪಾಟಿನಲ್ಲಿ ಇರುತ್ತದೆ. ಮಗು ತಾನು ಎಲ್ಲಿದ್ದೇನೆ ಎಂದು ಏಣಿ ನೋಡಿ, ತನ್ನ ಕಾರ್ಡನ್ನು ತಾನೇ ತೆಗೆದುಕೊಂಡು, ತನ್ನ ಗುಂಪಿಗೆ ಹೋಗಿ ಕೂರುತ್ತದೆ. ಗುಂಪುಗಳು ವಯಸ್ಸಿನ ಮೇಲೆ ಅಲ್ಲ. ಹೊಸದನ್ನು ಕಲಿಯುವವರು ಟೀಚರ ಪಕ್ಕದಲ್ಲಿ, ಸ್ವಲ್ಪ ಸಹಾಯ ಸಾಕು ಎನ್ನುವವರು ಇನ್ನೊಂದು ಕಡೆ, ಜೊತೆಗಾರರಿಂದ ಕಲಿಯುವವರು ಮತ್ತೊಂದು ಕಡೆ, ತಾನೇ ಅಭ್ಯಾಸ ಮಾಡಬಲ್ಲವರು ಬೇರೆ. ಒಬ್ಬ ಟೀಚರು ಮೂರು ತರಗತಿಗಳನ್ನು ಹೇಗೆ ನೋಡಿಕೊಳ್ಳುತ್ತಾರೆ ಎಂಬುದಕ್ಕೆ ಇದೇ ಉತ್ತರ. ಎಲ್ಲರಿಗೂ ಒಟ್ಟಿಗೆ ಕೂಗಿ ಹೇಳುವ ಬದಲು ಅಗತ್ಯ ಇರುವವರ ಹತ್ತಿರ ಅವರು ಕೂರುತ್ತಾರೆ.

ಅಕ್ಷರ ಕಲಿಸುವುದರಲ್ಲೂ ಒಂದು ಜಾಣತನ ಇದೆ. ನಾವೆಲ್ಲ ಅ ಆ ಇ ಈ ಎಂದು ಪೂರ್ತಿ ವರ್ಣಮಾಲೆ ಬಾಯಿಪಾಠ ಮಾಡಿ, ಎಷ್ಟೋ ದಿನಗಳ ಮೇಲೆ ಒಂದು ಪದ ಓದಿದವರು. ನಲಿ-ಕಲಿಯಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಈ ಐದೇ ಅಕ್ಷರದಿಂದ ಸರ, ರಸ, ದರ, ಅರಸ, ಅಗಸ, ಗರಗಸ ಎಲ್ಲಾ ಓದಬಹುದು. ಶಾಲೆಗೆ ಸೇರಿದ ಸ್ವಲ್ಪ ದಿನದಲ್ಲೇ ಮಗು "ನಂಗೆ ಓದಕ್ಕೆ ಬರುತ್ತೆ" ಎಂದು ಹೇಳಿಕೊಳ್ಳುತ್ತದಲ್ಲ, ಅದಕ್ಕಿಂತ ದೊಡ್ಡ ಪ್ರೋತ್ಸಾಹ ಬೇರೆ ಇಲ್ಲ. ಗೋಡೆಯ ಕೆಳಭಾಗದಲ್ಲಿ, ಮಕ್ಕಳ ಕೈಗೆ ಎಟಕುವ ಹಾಗೆ, ಕಪ್ಪು ಹಲಗೆ ಬಳಿದಿರುವುದೂ ಇದಕ್ಕೇ. ಬೋರ್ಡು ಟೀಚರದು ಮಾತ್ರ ಅಲ್ಲ.

ನಮ್ಮಂಥ ಕೂಲಿಯ ಊರುಗಳಿಗೆ ಈ ಪದ್ಧತಿಯ ದೊಡ್ಡ ಉಪಕಾರ ಬೇರೆಯೇ ಇದೆ. ಕಾಫಿ ಕುಯ್ಲು, ಕಬ್ಬು ಕಡಿತ, ಇಟ್ಟಿಗೆ ಗೂಡು ಎಂದು ಅಪ್ಪ-ಅಮ್ಮ ಹೊರಟರೆ ಮಗುವೂ ಹೊರಡುತ್ತದೆ. ಒಂದು ತಿಂಗಳು ಬಿಟ್ಟು ಬಂದರೆ ಹಳೆಯ ಕಾಲದ ಕ್ಲಾಸಿನಲ್ಲಿ ಪಾಠ ಎಲ್ಲೋ ಮುಂದೆ ಓಡಿರುತ್ತಿತ್ತು. ಮಗುವಿಗೆ ಏನೂ ಅರ್ಥವಾಗದು, ಹಿಂದಿನ ಬೆಂಚು, ಆಮೇಲೆ ಬೈಗುಳ, ಆಮೇಲೆ ಶಾಲೆ ಬಿಡುವುದು. "ನಮ್ಮ ಹುಡುಗ್ನಿಗೆ ವಿದ್ಯೆ ಹತ್ತಲಿಲ್ಲ" ಎಂದು ನಾವು ಸುಮ್ಮನಾಗುತ್ತಿದ್ದೆವು. ವಿದ್ಯೆ ಹತ್ತದೆ ಹೋಗಿದ್ದಲ್ಲ, ಮೆಟ್ಟಿಲು ತಪ್ಪಿಹೋಗಿತ್ತು. ನಲಿ-ಕಲಿಯಲ್ಲಿ ಆ ಮಗು ಬಂದ ದಿನವೇ ತಾನು ಬಿಟ್ಟುಹೋದ ಕಾರ್ಡಿನಿಂದ ಮುಂದುವರಿಯಬಹುದು. ಯಾರೂ ಅದನ್ನು ದಡ್ಡ ಎನ್ನಬೇಕಾಗಿಲ್ಲ. ಹಾಗೆಂದು ತಿಂಗಳುಗಟ್ಟಲೆ ಶಾಲೆ ತಪ್ಪಿಸಬಹುದು ಎಂದು ಯಾರೂ ತಿಳಿಯಬಾರದು. ಏಣಿ ಕಾಯುತ್ತದೆ, ನಿಜ, ವಯಸ್ಸು ಕಾಯುವುದಿಲ್ಲ.

ಊಟದ ಬಗ್ಗೆ ಎಲ್ಲರಿಗೂ ಗೊತ್ತಿರುವುದರಿಂದ ಹೆಚ್ಚು ಹೇಳುವುದಿಲ್ಲ. 2001ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಬಿಸಿ ಊಟ ಕೊಡಬೇಕೆಂದು ಆದೇಶಿಸಿದ ಮೇಲೆ 2002ರಲ್ಲಿ ನಮ್ಮಲ್ಲಿ ಅಕ್ಷರ ದಾಸೋಹ ಬಂತು, 2013ರಲ್ಲಿ ಕ್ಷೀರಭಾಗ್ಯದ ಹಾಲು ಬಂತು. 1ರಿಂದ 5ನೇ ತರಗತಿಯ ಮಗುವಿನ ಊಟದಲ್ಲಿ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್ ಇರಬೇಕೆಂಬುದು ನಿಯಮ. ಸಾರು ನೀರಾಗಿದ್ದರೆ ಕೇಳುವ ಹಕ್ಕು ತಾಯಂದಿರಿಗೆ ಇದೆ. ಅಡುಗೆಯವರೂ ನಮ್ಮೂರ ಹೆಣ್ಣುಮಕ್ಕಳೇ, ಜಗಳ ಮಾಡದೆ ಕೇಳಬಹುದು.

ಎಲ್ಲವೂ ಸರಿ ಇದೆ ಎಂದು ನಾವು ಹೇಳುತ್ತಿಲ್ಲ. ಕಾರ್ಡು ಹರಿದುಹೋಗಿ ಹೊಸದು ಬಾರದಿದ್ದರೆ ಏಣಿಯ ಮೆಟ್ಟಿಲೇ ಇಲ್ಲದ ಹಾಗೆ. ಇಬ್ಬರು ಟೀಚರಲ್ಲಿ ಒಬ್ಬರು ಮೀಟಿಂಗು, ಗಣತಿ, ಲೆಕ್ಕಪತ್ರ ಎಂದು ಓಡಾಡುತ್ತಿದ್ದರೆ ಗುಂಪುಗಳು ಹೆಸರಿಗೆ ಮಾತ್ರ ಗುಂಪು. ಇನ್ನೊಂದು ಕಷ್ಟ 4ನೇ ತರಗತಿಯಲ್ಲಿ ಬರುತ್ತದೆ. ಅಲ್ಲಿಯವರೆಗೆ ತನ್ನ ವೇಗದಲ್ಲಿ ನಡೆದ ಮಗು ಒಮ್ಮೆಲೇ ಎಲ್ಲರ ಜೊತೆ ಒಂದೇ ಪುಸ್ತಕ ಓದಬೇಕು. ಮೂರನೇ ತರಗತಿ ಮುಗಿಯುವಾಗ ಸರಾಗವಾಗಿ ಓದಲು ಬಾರದ ಮಗು ಇಲ್ಲಿ ಮುಗ್ಗರಿಸುತ್ತದೆ. ನಮ್ಮ ಅಭಿಪ್ರಾಯದಲ್ಲಿ ಪೋಷಕರು ಅತ್ಯಂತ ಎಚ್ಚರ ವಹಿಸಬೇಕಾದ ವರ್ಷ ಹತ್ತನೇ ತರಗತಿ ಅಲ್ಲ, ಮೂರನೇ ತರಗತಿ.

ಕೊರೊನಾ ಕಾಲ ಇದನ್ನು ಚೆನ್ನಾಗಿ ತೋರಿಸಿತು. 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆ 1ರಿಂದ 5ನೇ ತರಗತಿಯ ಮಕ್ಕಳಿಗೆ ತೆರೆದದ್ದು 2021ರ ಅಕ್ಟೋಬರ್ 25ರಂದು. ನಡುವೆ ವಿದ್ಯಾಗಮ ಎಂದು ಟೀಚರುಗಳು ಊರಿಗೇ ಬಂದು ಜಗಲಿ, ಮರದಡಿ, ದೇವಸ್ಥಾನದ ಕಟ್ಟೆಯಲ್ಲಿ ಪಾಠ ಮಾಡಿದ್ದೂ ಉಂಟು. ಮೊಬೈಲ್ ಇಲ್ಲದ ಮನೆಯ ಮಕ್ಕಳಿಗೆ ಅಷ್ಟೇ ಆಧಾರ. 2022-23ರಲ್ಲಿ ಸರ್ಕಾರ ಕಲಿಕಾ ಚೇತರಿಕೆ ಎಂಬ ಕಾರ್ಯಕ್ರಮ ತಂದು, ತರಗತಿ ಯಾವುದೇ ಇರಲಿ ಮಗು ನಿಂತಿರುವ ಹಂತದಿಂದ ಕಲಿಸಿ ಎಂದಿತು. ನಲಿ-ಕಲಿಯ ಟೀಚರಿಗೆ ಇದು ಹೊಸ ಮಾತೇನಲ್ಲ.

ಇನ್ನು ನಮ್ಮ ಪಾಲಿನ ಕೆಲಸ. 2010ರ ಏಪ್ರಿಲ್ 1ರಿಂದ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಅರುವತ್ತು ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು ಇರಬೇಕು. ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರು ಇರಬೇಕು. ನಮ್ಮ ರಾಜ್ಯದಲ್ಲಿ ಎಸ್‌ಡಿಎಂಸಿ 2001ರಿಂದಲೇ ಇದೆ. ಆದರೂ ಎಷ್ಟೋ ಊರಲ್ಲಿ ಸಹಿ ಹಾಕುವುದಕ್ಕೆ ಮಾತ್ರ ಹೆಂಗಸರನ್ನು ಕರೆಯುತ್ತಾರೆ. "ನಂಗೆ ಓದು ಬರಲ್ಲ, ನಾನೇನು ಕೇಳ್ಲಿ" ಎಂದು ತಾಯಂದಿರೂ ಹಿಂದೆ ಸರಿಯುತ್ತಾರೆ. ನಲಿ-ಕಲಿಯ ಏಣಿಯಲ್ಲಿ ಚಿತ್ರಗಳಿರುವುದು ಮಕ್ಕಳಿಗಾಗಿ, ಆದರೆ ಓದು ಬಾರದ ಅಮ್ಮನಿಗೂ ಅದು ಅರ್ಥವಾಗುತ್ತದೆ. ಮುಂದಿನ ಸಾರಿ ಶಾಲೆಗೆ ಹೋದಾಗ ಮಗುವನ್ನೇ ಏಣಿಯ ಮುಂದೆ ನಿಲ್ಲಿಸಿ, ಇವತ್ತು ಯಾವ ಚಿತ್ರದ ಹತ್ತಿರ ಇದ್ದೀಯ ಎಂದು ಕೇಳಿ. ಅದರ ಹೆಸರು ನೆನಪಿಟ್ಟುಕೊಳ್ಳಿ. ಒಂದು ತಿಂಗಳು ಬಿಟ್ಟು ಮತ್ತೆ ಹೋಗಿ. ಚಿತ್ರ ಬದಲಾಗಿಲ್ಲದಿದ್ದರೆ ಟೀಚರ ಜೊತೆ ಅಲ್ಲೇ ಕೂತು ಯಾಕೆ ಎಂದು ವಿಚಾರಿಸಿ. ಮಗು ಎಷ್ಟು ದಿನ ಶಾಲೆಗೆ ಬಂದಿದೆ ಎಂದು ಅವರೂ ಆಗ ನಿಮ್ಮನ್ನು ಕೇಳಬಹುದು, ಅದಕ್ಕೆ ಹಾಜರಿ ಪುಸ್ತಕ ತೆರೆದು ಇಬ್ಬರೂ ಒಟ್ಟಿಗೆ ನೋಡಿ.