ಹಾಡಿನ ಫಸಲು

ಸೂಲಿಬೆಲೆಯ ರೈತನೊಬ್ಬನು ತನ್ನ ಮಾವಿನ ತೋಪಿನ ಒಂದು ವರ್ಷದ ಫಸಲನ್ನು ವ್ಯಾಪಾರಿಗೆ ಗುತ್ತಿಗೆ ಕೊಟ್ಟನೆಂದು ಭಾವಿಸಬಹುದು. ಕಾವಲು, ಕೊಯ್ಲು, ಸಾಗಣೆ, ಮಾರಾಟ ಎಲ್ಲವೂ ವ್ಯಾಪಾರಿಯ ಹೊಣೆ. ಬೆಲೆ ಕುಸಿದರೆ ನಷ್ಟವೂ ಅವನದೇ. ಆದರೆ ಸುಗ್ಗಿ ಮುಗಿದೊಡನೆ ತೋಪು ರೈತನಿಗೆ ಮರಳುತ್ತದೆ. ಫಸಲನ್ನು ಕೊಟ್ಟವನು ಮರವನ್ನೇ ಮಾರಿದಂತಾಗುವುದಿಲ್ಲ. ಹಳ್ಳಿಯವರೆಲ್ಲರೂ ಬಲ್ಲ ಈ ನ್ಯಾಯವು ಗಾಯಕರ ಮತ್ತು ಧ್ವನಿಮುದ್ರಣ ಕಂಪೆನಿಗಳ ನಡುವಣ ಒಪ್ಪಂದಗಳಲ್ಲಿ ಬಹುಕಾಲ ಮರೆಯಾಗಿತ್ತು.

1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪೆನಿಯು ವಿಖ್ಯಾತ ಗಾಯಕಿ ಗೌಹರ್ ಜಾನ್ ಅವರ ಕಂಠವನ್ನು ಮುದ್ರಿಸಿಕೊಂಡಿತು. ಮುಂದೆ ಅವರ ನೂರಾರು ಹಾಡುಗಳು ತಟ್ಟೆಗಳಾಗಿ ದೇಶದಲ್ಲೆಲ್ಲ ಹರಡಿದವು. ಅವರು ತಮ್ಮ ಕೊನೆಯ ದಿನಗಳನ್ನು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನಲ್ಲಿ ಕಳೆದು, 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರು. ಅಂತಹ ಪ್ರಸಿದ್ಧರು ಕೇಳಿದ ಸಂಭಾವನೆಯನ್ನು ಪಡೆಯಬಲ್ಲವರಾಗಿದ್ದರು. ಸಾಮಾನ್ಯ ಕಲಾವಿದರಿಗೆ ಆ ಬಲವಿರಲಿಲ್ಲ. ಹಾಡಿದ ದಿನ ಒಂದು ಮೊತ್ತ ಕೈಗೆ ಬಂದರೆ ಅಲ್ಲಿಗೆ ಅವರ ಲೆಕ್ಕ ಮುಗಿಯುತ್ತಿತ್ತು. ತಟ್ಟೆಗಳು ನೂರು ಮಾರಾಟವಾದರೂ, ಸಾವಿರ ಮಾರಾಟವಾದರೂ ಅವರಿಗೆ ಒಂದೇ.

ಕಂಪೆನಿಯ ಪಕ್ಷದಲ್ಲಿಯೂ ನ್ಯಾಯವಿಲ್ಲದೆ ಇಲ್ಲ. ಧ್ವನಿಮುದ್ರಣದ ಯಂತ್ರಗಳು, ವಾದ್ಯಗಾರರ ಸಂಬಳ, ಪ್ರಚಾರ ಇವುಗಳಿಗೆ ಮೊದಲು ಬಂಡವಾಳ ಹೂಡುವುದು ಕಂಪೆನಿಯೇ. ಹತ್ತು ಹಾಡುಗಳಲ್ಲಿ ಎಷ್ಟು ಜನಪ್ರಿಯವಾಗುವುವೆಂದು ಯಾರೂ ಮುಂದಾಗಿ ಹೇಳಲಾರರು. ಸೋತ ಹಾಡಿನ ನಷ್ಟವನ್ನು ಹೊತ್ತವರು ಗೆದ್ದ ಹಾಡಿನ ಲಾಭವನ್ನು ಬಯಸುವುದು ತಪ್ಪಲ್ಲ. ಆ ಲಾಭವೆಲ್ಲವೂ ಎಂದೆಂದಿಗೂ ತಮಗೇ ಸೇರಬೇಕೆಂಬುದು ತಪ್ಪು.

ಹಾಡು ಒಬ್ಬರ ಸೃಷ್ಟಿಯೂ ಅಲ್ಲ. ಸೂಲಿಬೆಲೆಯ ನೆರೆಯ ದೇವನಹಳ್ಳಿಯಲ್ಲಿ 1936ರಲ್ಲಿ ಜನಿಸಿದ ಕವಿ ಕೆ. ಎಸ್. ನಿಸಾರ್ ಅಹಮದ್ ಅವರ ಗೀತೆಗಳು 1978ರಲ್ಲಿ ಮೈಸೂರು ಅನಂತಸ್ವಾಮಿ ಅವರ ಸಂಗೀತದೊಡನೆ 'ನಿತ್ಯೋತ್ಸವ' ಎಂಬ ಧ್ವನಿಸುರುಳಿಯಾಗಿ ಹೊರಬಂದು ಮನೆಮನೆಯ ಮಾತಾದವು. ಕವಿಯ ಪದ, ಸಂಯೋಜಕರ ರಾಗ, ಗಾಯಕರ ಕಂಠ, ಪ್ರಕಾಶಕರ ಬಂಡವಾಳ ಈ ನಾಲ್ಕೂ ಕೂಡಿದಾಗಲೇ ಧ್ವನಿಸುರುಳಿ. ದುಡಿಮೆ ನಾಲ್ವರದಾದರೆ ಫಲವೂ ನಾಲ್ವರಿಗೆ ಸಲ್ಲಬೇಕಲ್ಲವೆ?

ಕಾನೂನು ಈ ಮಾತನ್ನು ನಿಧಾನವಾಗಿ ಒಪ್ಪಿಕೊಂಡಿತು. 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಗಾಯಕರ ಹಕ್ಕಿನ ಪ್ರಸ್ತಾಪವಿರಲಿಲ್ಲ. ಚಲನಚಿತ್ರಕ್ಕಾಗಿ ಹಣ ಪಡೆದು ರಚಿಸಿದ ಗೀತೆ ಹಾಗೂ ಸಂಗೀತದ ಸ್ವಾಮ್ಯವು, ಬೇರೆ ಕರಾರಿಲ್ಲದಿದ್ದರೆ, ನಿರ್ಮಾಪಕರದೆಂದು 1977ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಗಾಯಕರ ಹಕ್ಕನ್ನು ಸಂಸತ್ತು ಗಮನಿಸಬೇಕೆಂದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಆಗಲೇ ಸೂಚಿಸಿದರು. 1994ರ ತಿದ್ದುಪಡಿಯು ಕಲಾಪ್ರದರ್ಶಕರ ಹಕ್ಕನ್ನು ಮಾನ್ಯಮಾಡಿತು. 2012ರ ತಿದ್ದುಪಡಿಯು ಇನ್ನೂ ಮುಂದೆ ಹೋಗಿ, ಹಾಡಿನ ವಾಣಿಜ್ಯ ಬಳಕೆಯಿಂದ ಬರುವ ರಾಯಧನದಲ್ಲಿ ಗಾಯಕರಿಗೂ ಹಕ್ಕುಂಟೆಂದು ಸಾರಿತು. ಕವಿಗಳೂ ಸಂಯೋಜಕರೂ ತಮ್ಮ ರಾಯಧನದ ಪಾಲನ್ನು ಕಂಪೆನಿಗೆ ಬಿಟ್ಟುಕೊಡುವಂತೆ ಬರೆಸಿಕೊಂಡರೂ ಅಂತಹ ಕರಾರು ಊರ್ಜಿತವಾಗದು. ಕರಾರಿನಲ್ಲಿ ಅವಧಿಯನ್ನು ಬರೆಯದಿದ್ದರೆ ಅದು ಐದು ವರ್ಷವೆಂದೂ, ಪ್ರದೇಶವನ್ನು ಬರೆಯದಿದ್ದರೆ ಭಾರತ ಮಾತ್ರವೆಂದೂ ಇಂದಿನ ಕಾಯಿದೆಯು ಭಾವಿಸುತ್ತದೆ.

ತಟ್ಟೆಗಳೂ ಸುರುಳಿಗಳೂ ಈಗ ಬಹುಮಟ್ಟಿಗೆ ಮರೆಯಾಗಿವೆ. ಹಾಡು ಅಂಗೈಯ ಮೊಬೈಲಿನಲ್ಲಿಯೇ ಕೇಳಿಬರುತ್ತದೆ. ಹಳ್ಳಿಯ ತತ್ತ್ವಪದ ಗಾಯಕನ ದನಿಯೂ ಇಂದು ಕಡಲಾಚೆಗೆ ಮುಟ್ಟಬಲ್ಲದು. ಆದರೆ ಅವನ ಮುಂದೆ ಇಡುವ ಕಾಗದವು ಹತ್ತಾರು ಪುಟಗಳದು. ಅದರ ಭಾಷೆಯು ಅವನು ಅರಿಯದ್ದು. ಬಡತನವು ಬೇಗ ಸಹಿ ಹಾಕೆಂದು ಅವಸರಪಡಿಸುತ್ತದೆ. ಓದದೆ ಹಾಕಿದ ಸಹಿಯನ್ನು ಕಾಯಿದೆಯು ಎಲ್ಲ ಸಂದರ್ಭಗಳಲ್ಲಿಯೂ ಸರಿಪಡಿಸಲಾರದು. ಎಷ್ಟು ಕಾಲಕ್ಕೆ, ಎಲ್ಲೆಲ್ಲಿ ಬಳಸಲು, ಎಷ್ಟು ಪಾಲಿಗೆ ಎಂಬ ಮೂರು ಪ್ರಶ್ನೆಗಳನ್ನು ಅವನು ಮೊದಲು ಕೇಳಬೇಕು. ಅವುಗಳಿಗೆ ಅವನು ಅರಿಯುವ ಮಾತಿನಲ್ಲಿ ಉತ್ತರ ಕೊಡುವುದು ಕಂಪೆನಿಯ ಧರ್ಮ.

ಫಸಲನ್ನು ಕೊಂಡವನಿಗೆ ಫಸಲು ಸಲ್ಲಲಿ. ನೆಟ್ಟು ನೀರೆರೆದವನಿಗೆ ಮರವು ಉಳಿಯಲಿ.